ಹುಮನಾಬಾದಿನ ಹೊಗೆಯೂ ನಮ್ಮ ವಿದ್ಯಾಭ್ಯಾಸವೂ

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ, ಪ್ರವೇಶ ಪರೀಕ್ಷೆಯ ಶ್ರೇಯಾಂಕ ಕೈಗೆ ಬಂದೊಡನೆ ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಒಂದೇ ಚಿಂತೆ: ಯಾವ ಶಾಖೆಯನ್ನು ಆರಿಸಬೇಕು? ಭೌತಶಾಸ್ತ್ರವನ್ನು ಬೋಧಿಸುವ ನಮ್ಮ ಬಳಿಗೆ ಬಂದು ಸಲಹೆ ಕೇಳುವವರು ಪ್ರತಿವರ್ಷವೂ ಇದ್ದೇ ಇರುತ್ತಾರೆ. ಅವರಲ್ಲಿ ಬಹುಮಂದಿ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಬಂದಿರುವರು. ಕಂಪ್ಯೂಟರ್ ಶಾಖೆ ದೊರೆತರೆ ಭಾಗ್ಯ. ಇಲ್ಲವಾದರೆ ಅದರ ನೆರೆಯ ಮತ್ತೊಂದು ಶಾಖೆ. ರಾಸಾಯನಿಕ ಎಂಜಿನಿಯರಿಂಗ್ ಅಥವಾ ಪರಿಸರ ಎಂಜಿನಿಯರಿಂಗ್ ಎಂಬ ಹೆಸರನ್ನು ಎತ್ತಿದರೆ ಅವರ ಮುಖ ಸಣ್ಣದಾಗುವುದು. ಮೊದಲನೆಯದು ವಿಷ ತಯಾರಿಸುವ ವಿದ್ಯೆ, ಎರಡನೆಯದು ಗಿಡ ನೆಡುವ ವಿದ್ಯೆ ಎಂಬ ಭಾವನೆ ಎಷ್ಟೋ ಮಂದಿಯಲ್ಲಿದೆ. ಈ ಎರಡು ಭಾವನೆಗಳೂ ತಪ್ಪು. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ತರುಣ ತರುಣಿಯರಲ್ಲಿ ಕೆಲವರಾದರೂ ಈ ವಿದ್ಯೆಯನ್ನು ಬೇಕೆಂದೇ ಆರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇವೆ.

ಪುಣೆಯಿಂದ ಸೊಲ್ಲಾಪುರದ ಮೇಲೆ ಹೈದರಾಬಾದಿಗೆ ಹೋಗುವ ೬೫ನೆಯ ರಾಷ್ಟ್ರೀಯ ಹೆದ್ದಾರಿ ನಮ್ಮ ಎರಡು ತಾಲ್ಲೂಕುಗಳನ್ನೂ ಹಾದುಹೋಗುತ್ತದೆ. ಬೀದರ–ಕಲಬುರಗಿ ರೈಲುಮಾರ್ಗವೂ ೨೦೧೭ರಲ್ಲಿ ಹುಮನಾಬಾದಿನ ಮೂಲಕ ತೆರೆಯಿತು. ರಸ್ತೆಯಿದ್ದ ಕಡೆ ಕಾರ್ಖಾನೆ ಬರುವುದು ಸಹಜ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಗಳಿಗೆ ಬೇಕಾದ ಮೂಲವಸ್ತುಗಳನ್ನೂ ಇತರ ರಾಸಾಯನಿಕಗಳನ್ನೂ ತಯಾರಿಸುವ ಕಾರ್ಖಾನೆಗಳು ನೆಲಸಿವೆ. ಅವುಗಳಿಂದ ದುರ್ವಾಸನೆ ಬರುತ್ತದೆ, ಬಾವಿಯ ನೀರು ಕೆಡುತ್ತಿದೆ ಎಂದು ಗಡವಂತಿಯೇ ಮೊದಲಾದ ಸಮೀಪದ ಗ್ರಾಮಗಳ ಜನರು ದೂರುವುದನ್ನು ವೃತ್ತಪತ್ರಿಕೆಗಳಲ್ಲಿ ನಾವೆಲ್ಲರೂ ಓದಿದ್ದೇವೆ. ದೂರು ಹೊರಟಾಗಲೆಲ್ಲ ಎರಡು ಧ್ವನಿಗಳು ಕೇಳಿಬರುತ್ತವೆ. ಕಾರ್ಖಾನೆಯನ್ನು ಮುಚ್ಚಬೇಕೆಂಬುದು ಒಂದು. ಮುಚ್ಚಿದರೆ ಹೊಟ್ಟೆಪಾಡಿಗೆ ಗತಿಯೇನು ಎಂಬುದು ಇನ್ನೊಂದು. ಯಾವ ವಸ್ತು, ಎಷ್ಟು ಪ್ರಮಾಣದಲ್ಲಿ, ಯಾವ ದಾರಿಯಿಂದ ಹೊರಬೀಳುತ್ತಿದೆ, ಅದನ್ನು ತಡೆಯಲು ಏನು ಮಾಡಬೇಕು, ಅದಕ್ಕೆ ವೆಚ್ಚವೆಷ್ಟು ಎಂದು ಬಿಡಿಸಿ ಹೇಳಬಲ್ಲ ಮೂರನೆಯ ಧ್ವನಿಯೊಂದು ಬೇಕಾಗಿದೆ. ಆ ಧ್ವನಿ ಊರವರದೇ ಆಗಿದ್ದರೆ ಮೇಲು.

ಈ ವಿದ್ಯೆಯೆಂದರೇನು? ರಾಸಾಯನಿಕ ಎಂಜಿನಿಯರಿಂಗ್ ಎಂದರೆ ರಸಾಯನಶಾಸ್ತ್ರದ ಸೂತ್ರಗಳನ್ನು ಇನ್ನಷ್ಟು ಬಾಯಿಪಾಠ ಮಾಡುವುದೆಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. ವಾಸ್ತವವಾಗಿ ಅದರ ಬಹುಭಾಗ ನಮ್ಮ ಭೌತಶಾಸ್ತ್ರವೇ: ಶಾಖ ಹೇಗೆ ಹರಿಯುವುದು, ದ್ರವ ಹೇಗೆ ಹರಿಯುವುದು, ಆವಿ ಹೇಗೆ ಏಳುವುದು, ಒಂದು ವಸ್ತು ಮತ್ತೊಂದರೊಳಕ್ಕೆ ಹೇಗೆ ಸೇರುವುದು. ನಮ್ಮ ಕಡೆಯ ಬೆಲ್ಲದ ಗಾಣವನ್ನೇ ತೆಗೆದುಕೊಳ್ಳಿ. ಕಬ್ಬಿನ ಹಾಲನ್ನು ದೊಡ್ಡ ಕಡಾಯಿಯಲ್ಲಿ ಕಾಯಿಸಿ ನೀರನ್ನು ಆವಿಯಾಗಿಸುವರು. ನೂರು ಕಿಲೋಗ್ರಾಂ ಹಾಲಿನಲ್ಲಿ ಸುಮಾರು ಹದಿನೈದು ಕಿಲೋಗ್ರಾಂ ಮಾತ್ರ ಕರಗಿದ ಘನವಸ್ತು, ಉಳಿದುದೆಲ್ಲ ನೀರು. ಕುದಿಯುವ ನೀರಿನ ಪ್ರತಿ ಗ್ರಾಮನ್ನು ಆವಿ ಮಾಡಲು ಸುಮಾರು ೫೪೦ ಕ್ಯಾಲೊರಿ ಶಾಖ ಬೇಕೆಂಬುದನ್ನು ನೀವು ತರಗತಿಯಲ್ಲಿ ಕಲಿತಿದ್ದೀರಿ. ಈ ಶಾಖವೆಲ್ಲ ಆವಿಯೊಡನೆ ಆಕಾಶಕ್ಕೆ ಹೋಗುತ್ತದೆ. ಗಾಣದ ಒಲೆ ಅಷ್ಟೊಂದು ಸಿಪ್ಪೆಯನ್ನು ನುಂಗುವುದು ಇದೇ ಕಾರಣದಿಂದ.

ಅಮೆರಿಕದ ಲೂಯಿಸಿಯಾನಾದಲ್ಲಿ ಹುಟ್ಟಿದ ನಾರ್ಬರ್ಟ್ ರಿಲ್ಯೂ ಎಂಬಾತನು ಇದಕ್ಕೊಂದು ಉಪಾಯ ಕಂಡುಹಿಡಿದನು. ಆತನ ತಾಯಿ ಆಫ್ರಿಕನ್ ಮೂಲದವಳು. ಆ ನಾಡಿನಲ್ಲಿ ಗುಲಾಮಗಿರಿ ಇನ್ನೂ ಇದ್ದ ಕಾಲವದು. ೧೮೪೩ ಮತ್ತು ೧೮೪೬ರಲ್ಲಿ ಆತನು ಪಡೆದ ಪೇಟೆಂಟುಗಳ ತಿರುಳು ಇಷ್ಟೇ: ಮೊದಲನೆಯ ಪಾತ್ರೆಯಿಂದೇಳುವ ಆವಿಯನ್ನು ವ್ಯರ್ಥಗೊಳಿಸದೆ ಎರಡನೆಯ ಪಾತ್ರೆಯನ್ನು ಕಾಯಿಸಲು ಬಳಸುವುದು, ಎರಡನೆಯದರಿಂದೇಳುವ ಆವಿಯಿಂದ ಮೂರನೆಯದನ್ನು ಕಾಯಿಸುವುದು. ಮುಂದುಮುಂದಿನ ಪಾತ್ರೆಗಳಲ್ಲಿ ಒತ್ತಡವನ್ನು ತಗ್ಗಿಸುತ್ತ ಹೋದರೆ ಕುದಿಯುವ ಉಷ್ಣತೆಯೂ ತಗ್ಗುವುದರಿಂದ ಈ ಸರಣಿ ಸಾಧ್ಯವಾಗುವುದು. ಶೇಕಡಾ ೧೫ರ ಹಾಲನ್ನು ಶೇಕಡಾ ೬೦ರ ಪಾಕಕ್ಕೆ ತರಬೇಕಾದರೆ ನೂರು ಕಿಲೋಗ್ರಾಮಿನಲ್ಲಿ ೭೫ ಕಿಲೋಗ್ರಾಂ ನೀರು ಹೋಗಬೇಕು. ತೆರೆದ ಕಡಾಯಿಗೆ ಹಬೆ ಹಾಯಿಸಿ ಕಾಯಿಸಿದರೆ ಸುಮಾರು ೭೫ ಕಿಲೋಗ್ರಾಂ ಹಬೆ ಬೇಕು. ನಾಲ್ಕು ಪಾತ್ರೆಗಳ ಸರಣಿಯಲ್ಲಿ, ಆದರ್ಶ ಲೆಕ್ಕದ ಪ್ರಕಾರ, ಅದರ ಕಾಲು ಭಾಗ, ಎಂದರೆ ಸುಮಾರು ೧೯ ಕಿಲೋಗ್ರಾಂ ಸಾಕು. ನಮ್ಮ ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡದ ಸಹಕಾರಿ ಕಾರ್ಖಾನೆಯೂ ಸೇರಿದಂತೆ ಲೋಕದ ಸಕ್ಕರೆ ಕಾರ್ಖಾನೆಗಳೆಲ್ಲ ನಡೆದುಬಂದುದು ಈ ತತ್ತ್ವದ ಮೇಲೆಯೇ. ಇದರಲ್ಲಿ ಹೊಸ ರಸಾಯನವೇನೂ ಇಲ್ಲ. ಸುಪ್ತೋಷ್ಣ, ಒತ್ತಡ, ಕುದಿಬಿಂದು ಇವಿಷ್ಟನ್ನೂ ತಿಳಿದವನು ಸೌದೆಯನ್ನೂ ಹೊಗೆಯನ್ನೂ ಒಟ್ಟಿಗೆ ಉಳಿಸಿದನು.

ಈ ವಿದ್ಯೆ ಹುಟ್ಟಿದ ಬಗೆಯನ್ನು ತಿಳಿದರೆ ವಾಚಕರಿಗೆ ಆಶ್ಚರ್ಯವಾದೀತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಬೂನಿಗೂ ಗಾಜಿಗೂ ಬೇಕಾದ ಸೋಡಾವನ್ನು ಲೆಬ್ಲಾಂಕ್ ವಿಧಾನದಿಂದ ತಯಾರಿಸುತ್ತಿದ್ದರು. ಆಗ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಚಿಮಣಿಗಳಿಂದ ಹೊರಟು ಸುತ್ತಲಿನ ಬೆಳೆಗಳನ್ನೂ ಮರಗಳನ್ನೂ ಸುಡುತ್ತಿತ್ತು. ಜಮೀನುದಾರರು ಮೊರೆಯಿಟ್ಟರು, ಕಾರ್ಖಾನೆಯವರು ಚಿಮಣಿಗಳನ್ನು ಇನ್ನೂ ಎತ್ತರ ಕಟ್ಟಿದರು, ವಿಷ ಇನ್ನೂ ದೂರದ ಹೊಲಗಳಿಗೆ ಹೋಯಿತು. ೧೮೩೬ರಲ್ಲಿ ವಿಲಿಯಂ ಗಾಸೇಜ್ ಎಂಬಾತನು ಒಂದು ಗೋಪುರದಲ್ಲಿ ಕಡ್ಡಿಗಳನ್ನು ತುಂಬಿ, ಮೇಲಿನಿಂದ ನೀರು ತೊಟ್ಟಿಕ್ಕಿಸಿ, ಕೆಳಗಿನಿಂದ ಅನಿಲವನ್ನು ಹಾಯಿಸಿದನು. ನೀರಿಗೂ ಅನಿಲಕ್ಕೂ ವಿಶಾಲವಾದ ಸಂಪರ್ಕ ದೊರೆತು ಆಮ್ಲವೆಲ್ಲ ನೀರಿಗೆ ಇಳಿಯಿತು. ೧೮೬೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕ್ಷಾರ ಶಾಸನವನ್ನು ಮಾಡಿ, ಈ ಅನಿಲದಲ್ಲಿ ಶೇಕಡಾ ೯೫ ಭಾಗವನ್ನಾದರೂ ಹಿಡಿಯಲೇಬೇಕೆಂದು ವಿಧಿಸಿತು. ಆ ಶಾಸನವನ್ನು ಜಾರಿಗೊಳಿಸುವ ಇನ್‌ಸ್ಪೆಕ್ಟರುಗಳಲ್ಲಿ ಒಬ್ಬನು ಜಾರ್ಜ್ ಡೇವಿಸ್. ಕಾರ್ಖಾನೆಯಿಂದ ಕಾರ್ಖಾನೆಗೆ ತಿರುಗಿದ ಆತನಿಗೆ ಒಂದು ಸತ್ಯ ಹೊಳೆಯಿತು: ತಯಾರಾಗುವ ಸರಕು ಬೇರೆ ಬೇರೆಯಾದರೂ ಎಲ್ಲೆಡೆಯೂ ನಡೆಯುವ ಕ್ರಿಯೆಗಳು ಅವೇ; ಕಾಯಿಸುವುದು, ಬಟ್ಟಿ ಇಳಿಸುವುದು, ಸೋಸುವುದು, ಒಣಗಿಸುವುದು, ಹೀರಿಸುವುದು. ೧೮೮೭ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆತನು ಕೊಟ್ಟ ೧೨ ಉಪನ್ಯಾಸಗಳೇ ರಾಸಾಯನಿಕ ಎಂಜಿನಿಯರಿಂಗಿನ ಮೊದಲ ಪಾಠಗಳೆಂದು ಪ್ರಸಿದ್ಧವಾಗಿವೆ. ಮರುವರ್ಷವೇ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಈ ಶಾಖೆ ಪ್ರಾರಂಭವಾಯಿತು. ನಮ್ಮ ದೇಶದಲ್ಲಿ ಜಾದವಪುರದಲ್ಲಿ ೧೯೨೧ರಲ್ಲೂ ಮುಂಬಯಿಯಲ್ಲಿ ೧೯೩೩ರಲ್ಲೂ ಈ ವಿದ್ಯೆಯ ಬೋಧನೆಗೆ ನೆಲೆ ದೊರೆಯಿತು. ಹೊಗೆಯನ್ನು ತಡೆಯುವ ಇನ್‌ಸ್ಪೆಕ್ಟರನೊಬ್ಬನು ಈ ಶಾಸ್ತ್ರಕ್ಕೆ ಮೊದಲ ಗುರುವಾದನೆಂಬುದನ್ನು, ವಿಷ ತಯಾರಿಸುವ ವಿದ್ಯೆಯೆಂದು ಮೂಗು ಮುರಿಯುವವರು ಗಮನಿಸತಕ್ಕದ್ದು.

ಈ ಕಥೆಗೆ ಇನ್ನೂ ಒಂದು ಮುಖವುಂಟು. ಗಾಸೇಜನ ಗೋಪುರದಿಂದ ಗಾಳಿ ಶುದ್ಧವಾಯಿತು. ಆದರೆ ಆಮ್ಲದ ನೀರನ್ನು ಹೊಳೆಗೆ ಬಿಟ್ಟುದರಿಂದ ಹೊಳೆ ಕೆಟ್ಟಿತು. ದ್ರವ್ಯ ನಾಶವಾಗುವುದಿಲ್ಲವಷ್ಟೆ, ಚಿಮಣಿಯಿಂದ ಓಡಿಸಿದುದು ಮೋರಿಯಲ್ಲಿ ಕಾಣಿಸಿಕೊಳ್ಳಲೇಬೇಕು. ಆ ಆಮ್ಲದಿಂದಲೇ ಕ್ಲೋರಿನನ್ನು ತೆಗೆದು ಬಟ್ಟೆಯನ್ನು ಬಿಳುಪು ಮಾಡಲು ಬಳಸುವ ಡೀಕನ್ ವಿಧಾನ ಬಂದ ಮೇಲೆ ಹಿಂದಿನ ಕಸವು ಮಾರಾಟದ ಸರಕಾಯಿತು. ಒಳಗೆ ಹೋದುದೆಷ್ಟು, ಸರಕಾಗಿ ಬಂದುದೆಷ್ಟು, ಮಿಕ್ಕುದು ಎಲ್ಲಿ ಎಂದು ಲೆಕ್ಕ ಹಾಕುವುದನ್ನು ಈ ಶಾಖೆಯ ವಿದ್ಯಾರ್ಥಿಗೆ ಮೊದಲು ಕಲಿಸುತ್ತಾರೆ. ನೋಡಲು ಅಂಗಡಿಯ ಖಾತೆಯಂತೆ ಸರಳವಾದರೂ, ಕಾರ್ಖಾನೆಯ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಇದಕ್ಕಿಂತ ಹರಿತವಾದ ಸಾಧನ ಬೇರೊಂದಿಲ್ಲ.

ಔಷಧ ಕಾರ್ಖಾನೆಗಳಲ್ಲಿ ಈ ಲೆಕ್ಕ ಬಹು ಮುಖ್ಯ. ರೋಜರ್ ಶೆಲ್ಡನ್ ಎಂಬ ರಸಾಯನವಿಜ್ಞಾನಿ ೧೯೯೨ರಲ್ಲಿ ಒಂದು ಕಿಲೋಗ್ರಾಂ ಸರಕಿಗೆ ಎಷ್ಟು ಕಿಲೋಗ್ರಾಂ ಕಸ ಹುಟ್ಟುವುದೆಂದು ಕೈಗಾರಿಕೆಗಳನ್ನು ಹೋಲಿಸಿದನು. ಭಾರಿ ಪ್ರಮಾಣದಲ್ಲಿ ತಯಾರಾಗುವ ರಾಸಾಯನಿಕಗಳಲ್ಲಿ ಕಸ ೧ಕ್ಕಿಂತ ಕಡಿಮೆಯಿಂದ ೫ ಕಿಲೋಗ್ರಾಂವರೆಗೆ. ಔಷಧಗಳಲ್ಲಿ ೨೫ರಿಂದ ೧೦೦ ಕಿಲೋಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು. ಔಷಧದ ಅಣುವನ್ನು ಹಲವು ಹಂತಗಳಲ್ಲಿ ಕಟ್ಟಬೇಕಾಗಿರುವುದೂ, ಪ್ರತಿ ಹಂತದಲ್ಲೂ ದ್ರಾವಕಗಳಿಂದ ತೊಳೆಯಬೇಕಾಗಿರುವುದೂ ಇದಕ್ಕೆ ಕಾರಣ. ಚಿಕ್ಕ ಕಾರ್ಖಾನೆಯಾದರೂ ಅದರ ಕಸ ಚಿಕ್ಕದಾಗಿರಬೇಕೆಂದಿಲ್ಲ.

ಇದರ ಕಹಿಯನ್ನು ಕಾಣಲು ಬಹುದೂರ ಹೋಗಬೇಕಾಗಿಲ್ಲ. ಇದೇ ಹೆದ್ದಾರಿಯಲ್ಲಿ ಹೈದರಾಬಾದಿನ ದಿಕ್ಕಿಗೆ ಸಾಗಿದರೆ ಸಂಗಾರೆಡ್ಡಿಯನ್ನು ದಾಟಿದ ಮೇಲೆ ಪಟನ್‌ಚೆರು ಸಿಗುತ್ತದೆ. ಅಲ್ಲಿನ ಔಷಧ ಕಾರ್ಖಾನೆಗಳ ಕೊಳೆನೀರನ್ನು ಒಂದೆಡೆ ಸೇರಿಸಿ ಶುದ್ಧಿಮಾಡಲು ೧೯೯೪ರಲ್ಲಿ ಸಾಮೂಹಿಕ ಶುದ್ಧೀಕರಣ ಘಟಕ ಏರ್ಪಟ್ಟಿತು. ಆದರೆ ಅಲ್ಲಿಂದ ಶುದ್ಧವಾಗಿ ಹೊರಬಂದುದೆಂದು ಎಣಿಸಿದ್ದ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸಿಪ್ರೊಫ್ಲಾಕ್ಸಸಿನ್ ಎಂಬ ಜೀವಾಣುನಾಶಕ ಲೀಟರಿಗೆ ೩೧ ಮಿಲಿಗ್ರಾಂವರೆಗೂ ಇದ್ದುದು ಬಯಲಾಯಿತು. ಆ ಮದ್ದನ್ನು ಸೇವಿಸುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಇದು ಹೆಚ್ಚಿನ ಮಟ್ಟ! ಇಂಥ ನೀರಿನಲ್ಲಿ ಮದ್ದಿಗೆ ಜಗ್ಗದ ರೋಗಾಣುಗಳು ಬೆಳೆಯುವ ಅಪಾಯವಿದೆಯೆಂದು ಲೋಕದ ವೈದ್ಯರೆಲ್ಲ ಎಚ್ಚತ್ತರು. ಘಟಕವೊಂದನ್ನು ಕಟ್ಟಿದೊಡನೆ ಕೆಲಸ ಮುಗಿಯಲಿಲ್ಲ. ಅದರೊಳಗೆ ಏನು ನಡೆಯುತ್ತಿದೆಯೆಂದು ಬಲ್ಲವರು ನಿತ್ಯವೂ ನೋಡಬೇಕೆಂಬುದೇ ಪಟನ್‌ಚೆರು ನಮಗೆ ಕಲಿಸುವ ಪಾಠ.

ಹುಮನಾಬಾದಿನ ನೆಲವನ್ನೂ ಗಾಳಿಯನ್ನೂ ಸ್ವಲ್ಪ ವಿಚಾರಿಸೋಣ. ಬೀದರ ಜಿಲ್ಲೆಯ ಬಹುಭಾಗ ಕಪ್ಪು ಬಸಾಲ್ಟ್ ಶಿಲೆ. ಅದರ ಮೇಲೆ ಹಲವೆಡೆ ಲ್ಯಾಟರೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಕೆಂಪು ಜಂಬಿಟ್ಟಿಗೆಯ ಹೊದಿಕೆ. ಈ ಕೆಂಪು ಕಲ್ಲು ತೂತುತೂತಾಗಿದ್ದು ನೀರನ್ನು ಸುಲಭವಾಗಿ ಒಳಬಿಡುತ್ತದೆ. ಬೀದರದ ನೌಬಾದಿನಲ್ಲಿ ಬಹಮನಿಯರ ಕಾಲದ ಕರೇಜ್ ಸುರಂಗ ನೀರನ್ನು ಹರಿಸಿದುದೂ ಇಂಥ ನೆಲದಲ್ಲಿಯೇ. ಒಳ್ಳೆಯ ನೀರಿಗೆ ದಾರಿ ಕೊಡುವ ಕಲ್ಲು ಕೆಟ್ಟ ನೀರಿಗೂ ದಾರಿ ಕೊಡುವುದು, ಅದಕ್ಕೆ ಭೇದವಿಲ್ಲ. ಇಷ್ಟೇ ಅಲ್ಲದೆ ನಮ್ಮ ಜಿಲ್ಲೆ ಎರಡು ಮಹಾನದಿಗಳ ನೀರನ್ನು ಹಂಚುವ ದಿಣ್ಣೆ. ಒಂದು ಕಡೆಯ ಮಳೆ ಕಾರಂಜಾ, ಮಾಂಜ್ರಾಗಳ ಮೂಲಕ ಗೋದಾವರಿಗೆ ಸೇರಿದರೆ, ಬಸವಕಲ್ಯಾಣದ ಕಡೆಯ ಮುಲ್ಲಾಮಾರಿ ಹೊಳೆ ಕಾಗಿಣಾ, ಭೀಮಾಗಳ ಮೂಲಕ ಕೃಷ್ಣೆಗೆ ಸೇರುತ್ತದೆ. ಇಲ್ಲಿನ ಕೊಳೆ ಇಲ್ಲಿಯೇ ನಿಲ್ಲದೆ ನೆರೆಯವರ ಬಾಗಿಲಿಗೂ ಹೋಗಬಲ್ಲುದು.

ರಾತ್ರಿಯಲ್ಲಿಯೇ ದುರ್ವಾಸನೆ ಹೆಚ್ಚೆಂದು ಊರವರು ಹೇಳಿದರೆ, ಕತ್ತಲಾದ ಮೇಲೆ ಕಾರ್ಖಾನೆಯವರು ಹೊಗೆ ಬಿಡುತ್ತಾರೆಂದು ಅವರು ಊಹಿಸುವುದು ಸಹಜ. ಹಾಗಿದ್ದರೂ ಇರಬಹುದು. ಆದರೆ ಭೌತಶಾಸ್ತ್ರ ಇನ್ನೊಂದು ಕಾರಣವನ್ನೂ ಹೇಳುತ್ತದೆ. ಹಗಲಿನಲ್ಲಿ ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತ ವಾಸನೆಯನ್ನು ಎತ್ತರಕ್ಕೆ ಒಯ್ಯುವುದು. ಚಳಿಗಾಲದ ನಿರ್ಮಲ ರಾತ್ರಿಯಲ್ಲಿ ನೆಲ ಬೇಗ ತಣಿದು, ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ನಿಲ್ಲುವುದು. ಈ ವಿಪರ್ಯಯದಲ್ಲಿ ಆವಿಗಳು ಮೇಲೇಳಲಾರದೆ ನೆಲಕ್ಕಂಟಿ ಹರಿಯುವುವು. ಹಗಲೂ ರಾತ್ರಿಯೂ ಸಮನಾಗಿ ಬಿಟ್ಟರೂ ರಾತ್ರಿಯೇ ಹೆಚ್ಚು ನಾತ ಬಡಿಯುವುದು. ಎರಡು ಕಾರಣಗಳಲ್ಲಿ ಯಾವುದು ನಿಜ? ವಾದದಿಂದ ಇದು ತೀರ್ಮಾನವಾಗದು. ಗಾಳಿಯ ಉಷ್ಣತೆಯನ್ನು ಎರಡು ಮೂರು ಎತ್ತರಗಳಲ್ಲಿ ಅಳೆದು, ಆವಿಗಳನ್ನು ಗಂಟೆಗಂಟೆಗೂ ಅಳೆದರೆ ತೀರ್ಮಾನವಾದೀತು. ಅಳತೆಯಿಲ್ಲದ ದೂರನ್ನು ತಳ್ಳಿಹಾಕುವುದು ಸುಲಭ; ಅಳತೆಯಿಂದ ಕೂಡಿದ ದೂರಿಗೆ ಉತ್ತರ ಕೊಡಲೇಬೇಕು.

ಕಾರ್ಖಾನೆಯ ಒಳಗಿನವರ ಕ್ಷೇಮಕ್ಕೂ ಈ ವಿದ್ಯೆ ಬೇಕು. ಒಂದು ಲೀಟರಿನ ಫ್ಲಾಸ್ಕಿನಲ್ಲಿ ಮಾಡಿದ ಪ್ರಯೋಗವನ್ನು ೧೦೦೦ ಲೀಟರಿನ ಪಾತ್ರೆಯಲ್ಲಿ ಮಾಡಿದರೆ ಅಗಲ, ಎತ್ತರಗಳು ೧೦ ಪಟ್ಟಾಗುವುವು. ಪಾತ್ರೆಯ ಮೈ ೧೦೦ ಪಟ್ಟು, ಗಾತ್ರ ೧೦೦೦ ಪಟ್ಟು. ಶಾಖ ಹುಟ್ಟುವುದು ಗಾತ್ರಕ್ಕೆ ತಕ್ಕಂತೆ, ಹೊರಹೋಗುವುದು ಮೈಗೆ ತಕ್ಕಂತೆ. ಆದುದರಿಂದ ಪ್ರಯೋಗಾಲಯದಲ್ಲಿ ಸೌಮ್ಯವಾಗಿದ್ದ ಕ್ರಿಯೆ ಕಾರ್ಖಾನೆಯಲ್ಲಿ ಕೆರಳಬಹುದು. ೨೦೦೭ರ ಡಿಸೆಂಬರ್ ೧೯ರಂದು ಅಮೆರಿಕದ ಜಾಕ್ಸನ್‌ವಿಲ್ಲಿನ ಒಂದು ಕಾರ್ಖಾನೆಯಲ್ಲಿ ತಂಪುಗೊಳಿಸುವ ವ್ಯವಸ್ಥೆ ಕೆಟ್ಟು ಪಾತ್ರೆ ಸಿಡಿದು ನಾಲ್ವರು ಮಡಿದರು. ತನಿಖೆ ನಡೆಸಿದ ಮಂಡಲಿಯು, ಇಂಥ ಕ್ರಿಯೆಗಳ ಅಪಾಯವನ್ನು ಪದವಿ ತರಗತಿಯಲ್ಲಿಯೇ ಕಲಿಸಬೇಕೆಂದು ಶಿಫಾರಸು ಮಾಡಿತು. ಅಲ್ಲಿನ ಪಾಠಕ್ರಮವೂ ಅದಕ್ಕೆ ತಕ್ಕಂತೆ ತಿದ್ದುಪಡಿಯಾಯಿತು. ೧೯೮೪ರ ಭೋಪಾಲವನ್ನು ನಾವು ನೆನೆಯಬೇಕಾದುದೂ ಈ ದೃಷ್ಟಿಯಿಂದಲೇ. ಅಲ್ಲಿ ವಿಷದ ತೊಟ್ಟಿಯನ್ನು ತಣ್ಣಗಿಡುವ ಯಂತ್ರ ನಿಂತಿತ್ತು; ಅನಿಲವನ್ನು ಸುಡಬೇಕಾಗಿದ್ದ ಚಿಮಣಿ ಕೆಲಸದಲ್ಲಿರಲಿಲ್ಲ. ನಮ್ಮ ಹಳ್ಳಿಗಳ ಹುಡುಗರು ಕಾರ್ಖಾನೆಯಲ್ಲಿ ಚೀಲ ಹೊರುವ, ಪಾತ್ರೆ ತೊಳೆಯುವ ಕೆಲಸಕ್ಕೆ ಮಾತ್ರ ಸೇರಿದರೆ, ಅಪಾಯವೆಲ್ಲ ಅವರ ಪಾಲಿಗೆ, ಅರಿವೆಲ್ಲ ಇತರರ ಪಾಲಿಗೆ ಆಗುವುದು. ಈ ಹಂಚಿಕೆ ನ್ಯಾಯವೆಂದು ನಾವು ಒಪ್ಪಲಾರೆವು. ಕಾಯಕಕ್ಕೆ ಗೌರವ ತಂದ ಕಲ್ಯಾಣದ ನೆಲದಲ್ಲಿ ಕೈಯ ಕೆಲಸವೂ ತಲೆಯ ಅರಿವೂ ಬೇರೆಯಾಗಬಾರದು.

ಪದವಿ ಮಟ್ಟದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಮೇಲೋ, ಪರಿಸರ ಎಂಜಿನಿಯರಿಂಗ್ ಮೇಲೋ ಎಂದು ಕೇಳುವವರುಂಟು. ಚರಂಡಿ, ಕುಡಿಯುವ ನೀರು, ಊರಿನ ಕಸ, ತ್ರಿಪುರಾಂತ ಕೆರೆಯಂಥ ಜಲಾಶಯಗಳ ರಕ್ಷಣೆ ಇವುಗಳಲ್ಲಿ ಆಸಕ್ತಿಯಿದ್ದವರಿಗೆ ಸಿವಿಲ್ ಶಾಖೆಯಿಂದ ಬೆಳೆದುಬಂದ ಪರಿಸರ ಎಂಜಿನಿಯರಿಂಗ್ ಯೋಗ್ಯವಾದುದು. ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿನಂಥ ಕೆಲವೇ ಕಡೆ ಅದು ಪದವಿ ಮಟ್ಟದಲ್ಲಿ ದೊರೆತಿದೆ. ಕಾರ್ಖಾನೆಯ ಕೊಳೆಯನ್ನು ಹುಟ್ಟುವಲ್ಲಿಯೇ ತಡೆಯಬೇಕೆನ್ನುವವರು ಮೊದಲು ರಾಸಾಯನಿಕ ಎಂಜಿನಿಯರಿಂಗ್ ಓದಿ, ಅನಂತರ ಪರಿಸರದ ಕಡೆಗೆ ತಿರುಗುವುದು ಒಳ್ಳೆಯದೆಂದು ನಮ್ಮ ಮತ. ಮೋರಿಯ ಬಾಯಿಯಲ್ಲಿ ನಿಂತು ತಡೆಯುವುದಕ್ಕಿಂತ ಪಾತ್ರೆಯಲ್ಲಿಯೇ ದ್ರಾವಕವನ್ನು ಉಳಿಸುವುದು ಅಗ್ಗ. ಸ್ನಾತಕೋತ್ತರ ವ್ಯಾಸಂಗಕ್ಕೆ ನಡೆಯುವ ಗೇಟ್ ಪರೀಕ್ಷೆಯಲ್ಲಿಯೂ ೨೦೨೧ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗಿಗೆ ಪ್ರತ್ಯೇಕ ಪತ್ರಿಕೆಯಿದೆ.

ಎಲ್ಲಿ ಓದಬೇಕು? ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ, ಬೆಂಗಳೂರು, ತುಮಕೂರು, ದಾವಣಗೆರೆಗಳ ಕಾಲೇಜುಗಳು ಈ ಶಾಖೆಗೆ ಹೆಸರಾಗಿವೆ. ನಮಗೆ ಇನ್ನೂ ಹತ್ತಿರದ್ದು, ಇದೇ ಹೆದ್ದಾರಿಯಲ್ಲಿ ಸಂಗಾರೆಡ್ಡಿಯ ಬಳಿಯ ಕಂದಿಯಲ್ಲಿರುವ ಹೈದರಾಬಾದ್ ಐ.ಐ.ಟಿ. ಸಂವಿಧಾನದ ೩೭೧(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಕಾಲೇಜುಗಳಲ್ಲಿ ಶೇಕಡಾ ೭೦, ರಾಜ್ಯದ ಇತರೆಡೆಯ ಕಾಲೇಜುಗಳಲ್ಲಿ ಶೇಕಡಾ ೮ರ ಮೀಸಲಾತಿಯುಂಟು. ಕಂಪ್ಯೂಟರ್ ಶಾಖೆಗಾಗಿ ಎಲ್ಲರೂ ನೂಕಾಡುವಾಗ ಒಳ್ಳೆಯ ಕಾಲೇಜಿನ ಈ ಸ್ಥಾನಗಳು ಅಷ್ಟು ಕಠಿಣವಲ್ಲದ ಶ್ರೇಯಾಂಕಕ್ಕೂ ದಕ್ಕಬಹುದು.

ಪ್ರತಿವಾದಗಳನ್ನು ಮರೆಯಬಾರದು. ಸಂಬಳದ ಮಾತು ಮೊದಲನೆಯದು. ಕಂಪ್ಯೂಟರ್ ಪದವೀಧರರಿಗೆ ದೊರೆಯುವಷ್ಟು ಸಂಖ್ಯೆಯ ಕರೆಗಳು ಈ ಶಾಖೆಯವರಿಗೆ ಬರುವುದಿಲ್ಲ. ಪಾಳಿಯ ಕೆಲಸವೂ ಊರಿಂದ ದೂರದ ವಾಸವೂ ಇರುವುದು ನಿಜ. ಆದರೆ ಸಿಮೆಂಟು, ಸಕ್ಕರೆ, ಔಷಧ, ತೈಲ ಶುದ್ಧೀಕರಣ, ಗೊಬ್ಬರ, ನೀರಿನ ಶುದ್ಧೀಕರಣ ಇವು ಯಾವ ಕಾಲಕ್ಕೂ ನಿಲ್ಲದ ಉದ್ಯಮಗಳು. ಸಾಲ ಮಾಡಿ ಓದಿಸುವ ಮನೆಯವರು ಈ ಎರಡನ್ನೂ ತೂಗಿ ನೋಡಲಿ. ಶಾಖೆಯ ಹೆಸರಿಗಿಂತ ಕಾಲೇಜಿನ ಪ್ರಯೋಗಾಲಯವನ್ನು ಮೊದಲು ನೋಡಲಿ. ಎರಡನೆಯದು, ಹೆಣ್ಣುಮಕ್ಕಳಿಗೆ ಇದು ತಕ್ಕುದಲ್ಲವೆಂಬ ಮಾತು. ವಿನ್ಯಾಸ, ಪರೀಕ್ಷಾಲಯ, ಸುರಕ್ಷತೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ, ಯಾವುದರಲ್ಲಿ ಅವರು ಹಿಂದೆ ಬಿದ್ದಾರು? ಮೂರನೆಯದು, ಕನ್ನಡ ಮಾಧ್ಯಮದವರ ಅಳುಕು. ಮೊದಲ ವರ್ಷ ಇಂಗ್ಲಿಷು ತೊಡಕೆನಿಸುವುದು. ಲೆಕ್ಕ ಬಲ್ಲವನಿಗೆ ಆ ತೊಡಕು ಹೆಚ್ಚು ದಿನ ಉಳಿಯದು.

ಇನ್ನೊಂದು ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದುದು: ಓದಿದವನೂ ಕಾರ್ಖಾನೆಯ ಸಂಬಳಕ್ಕೆ ಸೇರಿ ಬಾಯಿ ಮುಚ್ಚಿಕೊಂಡರೆ? ಅದು ಸಂಭವವೇ. ವಿದ್ಯೆ ತಾನಾಗಿ ಧೈರ್ಯವನ್ನು ಕೊಡುವುದಿಲ್ಲ. ಒಬ್ಬನೇ ಬಲ್ಲವನಿದ್ದರೆ ಅವನನ್ನು ಕೊಳ್ಳುವುದು ಅಥವಾ ಹೆದರಿಸುವುದು ಸುಲಭ. ಊರಿನಲ್ಲಿ ಹತ್ತು ಮಂದಿ ಬಲ್ಲವರಿದ್ದರೆ ಅಷ್ಟು ಸುಲಭವಲ್ಲ. ಅವರಲ್ಲಿ ಒಬ್ಬರು ಕಾರ್ಖಾನೆಯಲ್ಲಿರಲಿ, ಒಬ್ಬರು ನಿಯಂತ್ರಣ ಮಂಡಳಿಯಲ್ಲಿರಲಿ, ಒಬ್ಬರು ಅಧ್ಯಾಪಕರಾಗಲಿ, ಒಬ್ಬರು ಊರಿನಲ್ಲಿಯೇ ಉಳಿಯಲಿ.

ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳ ಆಡಳಿತದವರಲ್ಲಿಯೂ ಒಂದು ಬಿನ್ನಹವಿದೆ. ಇಡೀ ಶಾಖೆಯನ್ನು ತೆರೆಯುವುದು ವೆಚ್ಚದ ಮಾತಾದರೆ, ನೀರು ಮತ್ತು ಗಾಳಿಯ ಪರೀಕ್ಷಾಲಯವೊಂದನ್ನಾದರೂ ಸ್ಥಾಪಿಸಿ, ಸುತ್ತಲಿನ ಬಾವಿಗಳ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸಬಹುದು. ಹತ್ತು ವರ್ಷಗಳ ಅಂಥ ದಾಖಲೆ ಯಾವ ಭಾಷಣಕ್ಕಿಂತಲೂ ಬೆಲೆಯುಳ್ಳದ್ದು.

ಹೊಳೆಗೆ ಬಿಡುವ ನೀರಿನಲ್ಲಿ ಜೈವಿಕ ಆಮ್ಲಜನಕದ ಬೇಡಿಕೆ ಲೀಟರಿಗೆ ೩೦ ಮಿಲಿಗ್ರಾಂ, ರಾಸಾಯನಿಕ ಆಮ್ಲಜನಕದ ಬೇಡಿಕೆ ೨೫೦ ಮಿಲಿಗ್ರಾಂ ಮೀರಬಾರದೆಂದು ೧೯೮೬ರ ಪರಿಸರ ಸಂರಕ್ಷಣಾ ನಿಯಮಗಳು ಸಾಮಾನ್ಯ ಮಿತಿಯನ್ನು ಹಾಕಿವೆ. ೨೦೦೬ರ ಅಧಿಸೂಚನೆಯ ಪ್ರಕಾರ, ಪರಿಸರ ಅನುಮತಿಗಾಗಿ ಸಾರ್ವಜನಿಕ ಅಹವಾಲು ನಡೆಯಬೇಕಾದ ಕಡೆ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಜನರಿಗೆ ದೊರೆಯಬೇಕು. ಕಾನೂನು ನಮಗೆ ಕಾಗದವನ್ನು ಕೊಟ್ಟಿದೆ. ಅದನ್ನು ಓದಿ ಅರ್ಥಮಾಡಿಕೊಂಡು, ಈ ಅಂಕಿ ಹೇಗೆ ಬಂತೆಂದು ಸಭೆಯಲ್ಲಿ ಎದ್ದುನಿಂತು ಕೇಳುವವರನ್ನು ನಾವೇ ತಯಾರು ಮಾಡಿಕೊಳ್ಳಬೇಕು. ಶಾಖೆಯನ್ನು ಆರಿಸುವ ಪಟ್ಟಿಯನ್ನು ತುಂಬುವ ಮೊದಲು, ವಿದ್ಯಾರ್ಥಿಮಿತ್ರರೇ, ಈ ಮಾತನ್ನು ಒಮ್ಮೆ ವಿಚಾರ ಮಾಡಿರಿ.